ಮೂರನೇ ಭಾಗ ಬರುವ ಮುನ್ನ ಮುಗಿಸಿಕೊಳ್ಳಬೇಕಾದ ಕೆಲಸ

ಮಾನ್ಯ ಸಂಪಾದಕರೇ,

ಪತ್ರಿಕೆಗಳಲ್ಲಿ ವಿಡಿಯೊ ಗೇಮ್ ಸುದ್ದಿ ಬಂದರೆ ಅದು ಒಂದೋ ಮಕ್ಕಳ ಕಣ್ಣು ಹಾಳಾಗುವ ಬಗ್ಗೆ, ಇಲ್ಲವೇ ಆನ್‌ಲೈನ್ ಆಟದಲ್ಲಿ ದುಡ್ಡು ಕಳೆದುಕೊಂಡವರ ಬಗ್ಗೆ ಇರುತ್ತದೆ. ಅದರ ಬಗ್ಗೆ ತಕರಾರಿಲ್ಲ. ಆದರೆ ಕಲಬುರಗಿಯಲ್ಲಿ, ಅತ್ತ ಬೀದರ್–ಯಾದಗಿರಿಯಲ್ಲಿ ‘ಫೈನಲ್ ಫ್ಯಾಂಟಸಿ 7’ ರೀಮೇಕ್‌ನ ಕೊನೆಯ ಭಾಗಕ್ಕೆ ಕಾಯುತ್ತ ಕೂತವರೂ ಇದ್ದಾರೆ. ಇಂಥವರಿಗೆ ಕೇಳಿಬರುವ ಸಲಹೆ ಒಂದೇ: ಮುಂಗಡ ಬುಕ್ ಮಾಡಿ. ಬುಕಿಂಗ್‌ಗೆ ಅವಸರವೇನೂ ಇಲ್ಲ. ಅದಕ್ಕಿಂತ ಮೊದಲು ಮಾಡಬೇಕಾದ ಕೆಲಸ ಬಹಳಷ್ಟಿದೆ, ಅದರಲ್ಲಿ ಅರ್ಧ ನಮ್ಮ ಊರಿನ ಬಿಸಿಲು, ಧೂಳು, ಕರೆಂಟಿಗೆ ಸಂಬಂಧಿಸಿದ್ದು.

ಹೊಸಬರಿಗೆ ಹಿನ್ನೆಲೆ. ಮೂಲ ಆಟ ಜಪಾನಿನಲ್ಲಿ 1997ರ ಜನವರಿ 31ರಂದು ಸೋನಿ ಕಂಪನಿಯ ಮೊದಲ ಪ್ಲೇಸ್ಟೇಷನ್‌ಗೆ (ಟಿವಿಗೆ ಜೋಡಿಸಿ ಆಡುವ ಯಂತ್ರ, ಅಂದರೆ ಕನ್ಸೋಲ್) ಬಂತು, ಮೂರು ಸಿಡಿಗಳಲ್ಲಿ. ರೀಮೇಕ್ ಕೂಡ ಮೂರು ಭಾಗ. ಮೊದಲ ಭಾಗ ‘ರೀಮೇಕ್’ 2020ರ ಏಪ್ರಿಲ್ 10ಕ್ಕೆ ಪ್ಲೇಸ್ಟೇಷನ್ 4ರಲ್ಲಿ (ಪಿಎಸ್4), ಅದರ ಸುಧಾರಿತ ರೂಪ ‘ಇಂಟರ್‌ಗ್ರೇಡ್’ 2021ರ ಜೂನ್‌ನಲ್ಲಿ ಪಿಎಸ್5ರಲ್ಲಿ, ಎರಡನೇ ಭಾಗ ‘ರಿಬರ್ತ್’ 2024ರ ಫೆಬ್ರುವರಿ 29ಕ್ಕೆ ಪಿಎಸ್5ರಲ್ಲಿ, 2025ರ ಜನವರಿಯಲ್ಲಿ ಕಂಪ್ಯೂಟರಿಗೆ. ಮೂಲ ಆಟ ನಿರ್ದೇಶಿಸಿದ ಯೋಶಿನೋರಿ ಕಿತಾಸೆ ಈಗ ನಿರ್ಮಾಪಕರು. ರಿಬರ್ತ್ ನಿರ್ದೇಶಿಸಿದವರು ನಾವೊಕಿ ಹಮಾಗುಚಿ. ಮೂಲದಲ್ಲಿ ಐದಾರು ಗಂಟೆಯಲ್ಲಿ ಮುಗಿಯುವ ಮಿಡ್‌ಗಾರ್ ನಗರದ ಕಥೆಯನ್ನೇ ಮೊದಲ ಭಾಗ ಮೂವತ್ತು ಗಂಟೆಗೂ ಮೀರಿ ಹಿಗ್ಗಿಸಿತು. ಎರಡನೆಯದು ಮೂಲದ ಮೊದಲ ಸಿಡಿ ಮುಗಿಯುವಲ್ಲಿಗೆ ಬಂದು ನಿಂತಿದೆ. ಲೆಕ್ಕ ಹಾಕಿ ನೋಡಿ: ಎರಡು ಸಿಡಿಗಳ ಕಥೆ ಇನ್ನೂ ಬಾಕಿ ಇದೆ. ಜತೆಗೆ ರಿಬರ್ತ್ ಮುಂದಕ್ಕೆ ತಳ್ಳಿದ ರಾಕೆಟ್ ಟೌನ್, ವುಟಾಯಿ ಎಂಬ ಸ್ಥಳಗಳು. ಹೈವಿಂಡ್ ವಿಮಾನದಲ್ಲಿ ಇಡೀ ಜಗತ್ತು ಸುತ್ತುವುದೂ ಕೊನೆಯ ಭಾಗದ ಪಾಲಿಗೇ ಉಳಿದಿದೆ. ಇಷ್ಟೆಲ್ಲ ಒಂದೇ ಆಟದಲ್ಲಿ ಹಿಡಿಸಬೇಕು ಎಂಬುದೇ ಈ ಭಾಗದ ಬಗ್ಗೆ ಆಸೆಗೂ ಕಾರಣ, ಆತಂಕಕ್ಕೂ ಕಾರಣ.

ಇದನ್ನು ಹಳೆಯ ಕಥೆಗೆ ಹೊಸ ಬಣ್ಣ ಬಳಿದದ್ದು ಎಂದುಕೊಂಡರೆ ಮೊದಲ ಭಾಗದ ಕೊನೆಯಲ್ಲೇ ತಲೆ ಕೆಡುತ್ತದೆ. ಕಥೆ ಹಳೆಯ ದಾರಿ ಬಿಡದಂತೆ ಕಾಯುವ ‘ವಿಸ್ಪರ್’ ಎಂಬ ನೆರಳುಗಳು ಹೊಸ ಆಟದಲ್ಲಿವೆ. ಅವು ಯಾಕೆ ಬಂದವು ಎಂಬುದು ಮೂಲ ಗೊತ್ತಿದ್ದವರಿಗೆ ಮಾತ್ರ ನಾಟುತ್ತದೆ. ಆದ್ದರಿಂದ ಸಮಯವಿದ್ದರೆ ಮೂಲದಿಂದಲೇ ಶುರು ಮಾಡಿ. ಅದು 2016ರಿಂದ ಆಂಡ್ರಾಯ್ಡ್ ಫೋನಿನಲ್ಲೂ ಇದೆ. ಈಗಿನ ಕನ್ಸೋಲ್ ಆವೃತ್ತಿಗಳಲ್ಲಿ ಮೂರು ಪಟ್ಟು ವೇಗ, ದಾರಿಯ ಮೇಲಿನ ಕಾಳಗ ನಿಲ್ಲಿಸುವ ಸೌಲಭ್ಯವೂ ಇರುವುದರಿಂದ ಬೇಸರವಾಗದು. ಆಮೇಲೆ ಇಂಟರ್‌ಗ್ರೇಡ್, ಅದರೊಳಗಿನ ಯುಫಿ ಎಂಬ ಪಾತ್ರದ ಎರಡು ಅಧ್ಯಾಯ, ನಂತರ ರಿಬರ್ತ್. ಝ್ಯಾಕ್ ಎಂಬ ಪಾತ್ರ ಯಾರು ಎಂಬ ಗೊಂದಲ ಬೇಡವಾದರೆ ರಿಬರ್ತ್‌ಗೆ ಮುಂಚೆ ಅವನ ಕಥೆ ಹೇಳುವ ‘ಕ್ರೈಸಿಸ್ ಕೋರ್ ರಿಯೂನಿಯನ್’ ಆಡಿ. ಫೋನಿನಲ್ಲಿ ಪುಕ್ಕಟೆ ಸಿಗುವ ‘ಎವರ್ ಕ್ರೈಸಿಸ್’ನಿಂದಲೇ ಕಥೆ ತಿಳಿದುಕೊಳ್ಳುತ್ತೇವೆ ಎನ್ನುವವರಿಗೆ ಒಂದು ಎಚ್ಚರಿಕೆ: ಅಲ್ಲಿ ಆಯುಧ ಸಿಗುವುದು ಲಾಟರಿ ಪದ್ಧತಿಯಲ್ಲಿ. ಜೇಬು ಭದ್ರ.

ಅರ್ಧಕ್ಕೆ ಬಿಟ್ಟವರಲ್ಲಿ ಹೆಚ್ಚಿನವರು ಸೋತದ್ದು ಕಾಳಗದಲ್ಲಿ. ಇದನ್ನು ಬರೀ ಗುಂಡಿ ಒತ್ತುವ ಆಟ ಎಂದುಕೊಳ್ಳುವುದೇ ಮೂಲ ತಪ್ಪು. ಕತ್ತಿ ಬೀಸುವುದು ಎಟಿಬಿ ಪಟ್ಟಿ (ಆಜ್ಞೆ ಕೊಡಲು ಬೇಕಾದ ಶಕ್ತಿಯ ಅಳತೆ) ತುಂಬಿಸಲು ಮಾತ್ರ. ನಿಜವಾದ ಪೆಟ್ಟು ಆ ಪಟ್ಟಿ ಖರ್ಚು ಮಾಡಿ ಕೊಡುವ ಆಜ್ಞೆಯದು. ನೀವು ಆಡಿಸುತ್ತಿರುವ ಪಾತ್ರದ ಪಟ್ಟಿ ಬೇಗ ತುಂಬುತ್ತದೆ, ತಾವಾಗಿಯೇ ಆಡುವ ಉಳಿದವರದು ನಿಧಾನ. ಶತ್ರುಗಳೂ ಹೆಚ್ಚಾಗಿ ನಿಮ್ಮ ಕೈಯಲ್ಲಿರುವ ಪಾತ್ರದ ಮೇಲೇ ಬೀಳುತ್ತಾರೆ. ಆದ್ದರಿಂದ ಒಬ್ಬರಿಗೇ ಅಂಟಿಕೊಳ್ಳದೆ ಪಾತ್ರ ಬದಲಿಸುತ್ತಿರಬೇಕು. ಮಂತ್ರ ಪಠಿಸುವಾಗ ಏಟು ತಿಂದರೆ ಆ ಎಟಿಬಿ ವ್ಯರ್ಥ. ಶತ್ರು ಬೇರೆಯವರ ಕಡೆ ತಿರುಗಿದಾಗ ಮಂತ್ರ ಹಾಕಿ. ಎದುರಾಳಿಯ ದೌರ್ಬಲ್ಯ ತೋರಿಸುವ ‘ಅಸೆಸ್’ ಮೆಟೀರಿಯಾ (ಆಯುಧ, ಕವಚದ ತೂತುಗಳಲ್ಲಿ ಕೂರಿಸುವ ಮಂತ್ರಶಕ್ತಿಯ ಹರಳು) ಒಬ್ಬರ ಬಳಿ ಸದಾ ಇರಲಿ. ದೌರ್ಬಲ್ಯಕ್ಕೆ ಹೊಡೆದಷ್ಟೂ ಶತ್ರು ತತ್ತರಿಸುವ ಹಂತ ತೋರಿಸುವ ‘ಸ್ಟ್ಯಾಗರ್’ ಪಟ್ಟಿ ತುಂಬುತ್ತದೆ, ತುಂಬಿದ ಮೇಲೆ ಪ್ರತಿ ಪೆಟ್ಟಿಗೂ ಶೇ 160ರ ಬಲ. ಎಟಿಬಿ ಪಟ್ಟಿಯ ಎರಡು ಖಾನೆಗಳನ್ನು ಆ ಗಳಿಗೆಗೆಂದೇ ಉಳಿಸಿಟ್ಟುಕೊಳ್ಳಬೇಕು.

ಒಂದು ಉದಾಹರಣೆ ಸಾಕು. ಮೊದಲ ಭಾಗದ 7ನೇ ಅಧ್ಯಾಯದ ಏರ್‌ಬಸ್ಟರ್ ಯಂತ್ರದ ಎದುರು ಬಹಳ ಮಂದಿ ಕೈಚೆಲ್ಲುತ್ತಾರೆ. ಅದಕ್ಕೆ ಮಿಂಚು ಆಗಿಬರದು. 6ನೇ ಅಧ್ಯಾಯದಲ್ಲಿ ಸಿಗುವ ‘ಎಲಿಮೆಂಟಲ್’ ಮೆಟೀರಿಯಾವನ್ನು ಬ್ಯಾರೆಟ್ ಎಂಬ ಪಾತ್ರದ ಬಂದೂಕಿನ ಜೋಡಿ ತೂತುಗಳಲ್ಲಿ ‘ಲೈಟ್ನಿಂಗ್’ ಜತೆ ಕೂಡಿಸಿ. ಎರಡೂ ಒಂದೇ ಗೆರೆಯಿಂದ ಬೆಸೆದ ತೂತುಗಳಲ್ಲಿರಬೇಕು; ಅಕ್ಕಪಕ್ಕದ ಬಿಡಿ ತೂತುಗಳಲ್ಲಿಟ್ಟರೆ ಏನೂ ಆಗದು. ಸರಿಯಾಗಿ ಕೂಡಿಸಿದರೆ ಅವನ ಸಾದಾ ಗುಂಡೇಟಿಗೂ ಮಿಂಚಿನ ಗುಣ ಬರುತ್ತದೆ, ಯಂತ್ರ ಗಾಳಿಯಲ್ಲಿ ದೂರ ನಿಂತರೂ ತಪ್ಪಿಸಿಕೊಳ್ಳಲಾಗದು. ಇದೇ ಜೋಡಿಯನ್ನು ರಕ್ಷಾಕವಚಕ್ಕೆ ಹಾಕಿದರೆ ಮಿಂಚಿನ ಏಟು ಕಡಿಮೆಯಾಗುತ್ತದೆ. ಹಳೆಯ ಆಟದ ‘ಆಲ್’ ಮೆಟೀರಿಯಾ ಹುಡುಕುವವರಿಗೆ ಇಲ್ಲಿ ಅದರ ಜಾಗದಲ್ಲಿರುವುದು ‘ಮ್ಯಾಗ್ನಿಫೈ’. ‘ಹೀಲಿಂಗ್’ ಜತೆ ಬೆಸೆದರೆ ಒಂದೇ ಮಂತ್ರಕ್ಕೆ ಎಲ್ಲರೂ ಚೇತರಿಸಿಕೊಳ್ಳುತ್ತಾರೆ. ಇನ್ನು ಕಾಳಗವೇ ಬೇಡ, ಕಥೆ ಸಾಕು ಎನ್ನುವ ಹಿರಿಯ ಆಟಗಾರರಿಗೆ ‘ಕ್ಲಾಸಿಕ್’ ವಿಧಾನವಿದೆ: ಹೊಡೆತ, ತಡೆ ಎಲ್ಲ ತಾನಾಗಿಯೇ ನಡೆಯುತ್ತದೆ, ನೀವು ಆಜ್ಞೆ ಆರಿಸಿದರೆ ಆಯಿತು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಈಗ ಜಾಗದ ಮಾತು. ರಿಬರ್ತ್ ಸುಮಾರು 150 ಜಿಬಿ. ಮೊದಲ ಪಿಎಸ್5ರ 825 ಜಿಬಿಯಲ್ಲಿ ಬಳಕೆಗೆ ಸಿಗುವುದು 667 ಜಿಬಿ ಮಾತ್ರ. ಕೊನೆಯ ಭಾಗ ಇದಕ್ಕಿಂತ ಚಿಕ್ಕದಿರುತ್ತದೆ ಎಂದು ನಂಬಲು ಯಾವ ಕಾರಣವೂ ಇಲ್ಲ. 100 ಎಂಬಿಪಿಎಸ್ ಸಂಪರ್ಕ ಪೂರಾ ವೇಗದಲ್ಲಿ ಓಡಿದರೂ 150 ಜಿಬಿ ಇಳಿಯಲು 3 ಗಂಟೆ 20 ನಿಮಿಷ, 40 ಎಂಬಿಪಿಎಸ್ ಆದರೆ 8 ಗಂಟೆ 20 ನಿಮಿಷ. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಪ್ಲಾನ್ ನೆಚ್ಚಿದರೆ 75 ದಿನ! ಹಳ್ಳಿಗಳಲ್ಲಿ, ಚಿಂಚೋಳಿ–ಸುರಪುರದ ಕಡೆಯ ಮನೆಗಳಲ್ಲಿ ಈ ಲೆಕ್ಕ ತಮಾಷೆಯಲ್ಲ. ಹೀಗಾಗಿ ನಮ್ಮ ಭಾಗದವರಿಗೆ ಡಿಸ್ಕ್ ಡ್ರೈವ್ ಇರುವ ಕನ್ಸೋಲ್ ಮತ್ತು ಡಿಸ್ಕ್ ಆವೃತ್ತಿಯೇ ಸರಿ. ಆಡಿ ಮುಗಿಸಿದ ಮೇಲೆ ಗೆಳೆಯರಿಗೆ ಕೊಡಬಹುದು, ಮಾರಲೂಬಹುದು. ಕೊನೆಯ ಭಾಗ ಬೇರೆ ಕನ್ಸೋಲ್‌ಗಳಿಗೂ ಬರುವುದರಿಂದ ಒಂದು ಮಾತು ನೆನಪಿರಲಿ: ನಿಂಟೆಂಡೊ ಕಂಪನಿಯ ಸ್ವಿಚ್ 2 ಕನ್ಸೋಲ್‌ಗೆ ಬಂದ ಇಂಟರ್‌ಗ್ರೇಡ್‌ನ ಕಾರ್ಡಿನಲ್ಲಿ ಆಟವಿಲ್ಲ, ಬರೀ ಕೀಲಿ ಇದೆ; ಆಟವನ್ನು ನೆಟ್‌ನಿಂದಲೇ ಇಳಿಸಿಕೊಳ್ಳಬೇಕು. ಪೆಟ್ಟಿಗೆ ನೋಡಿ ಮೋಸಹೋಗಬೇಡಿ.

ರಿಬರ್ತ್ ಎರಡು ಡಿಸ್ಕ್‌ಗಳಲ್ಲಿ ಬರುತ್ತದೆ. ಮೊದಲು ಡೇಟಾ ಡಿಸ್ಕ್ ಹಾಕಿ ಇನ್‌ಸ್ಟಾಲ್ ಪೂರ್ಣಗೊಳಿಸಿ, ಆಮೇಲೆ ಪ್ಲೇ ಡಿಸ್ಕ್. ಆಡುವಾಗ ಒಳಗೆ ಇರಬೇಕಾದದ್ದು ಇದೇ. ಜಾಗ ಸಾಲದಿದ್ದರೆ ಇಂಟರ್‌ಗ್ರೇಡನ್ನು ಅಳಿಸಿ ಮತ್ತೆ ಇಳಿಸುವ ಗೋಜು ಬೇಡ. ಯುಎಸ್‌ಬಿ 3 ಹಾರ್ಡ್ ಡಿಸ್ಕ್‌ಗೆ ಅದನ್ನು ಸಾಗಿಸಿಡಿ, ಬೇಕಾದಾಗ ವಾಪಸ್ ತನ್ನಿ. ಆದರೆ ಪಿಎಸ್5 ಆಟ ಆ ಡಿಸ್ಕ್‌ನಿಂದ ನೇರವಾಗಿ ಓಡದು. ಒಳಗಿನ ಜಾಗವನ್ನೇ ಹೆಚ್ಚಿಸುವುದಾದರೆ ಪಿಸಿಐಇ ನಾಲ್ಕನೇ ತಲೆಮಾರಿನ ಎನ್‌ವಿಎಂಇ ಎಸ್‌ಎಸ್‌ಡಿ (ಒಳಗೆ ಕೂರಿಸುವ ವೇಗದ ಸಂಗ್ರಹ ಸಾಧನ) ತೆಗೆದುಕೊಳ್ಳಿ. ಓದುವ ವೇಗ ಸೆಕೆಂಡಿಗೆ 5,500 ಎಂಬಿ ಅಥವಾ ಹೆಚ್ಚು, ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್ ಸೇರಿ ಎತ್ತರ 11.25 ಮಿಲಿಮೀಟರ್ ಮೀರಬಾರದು. ಅಂಗಡಿಯಲ್ಲಿ ‘ಹೀಟ್‌ಸಿಂಕ್ ಬೇಕಾಗಿಲ್ಲ’ ಎಂದರೆ ಕೇಳಬೇಡಿ, ಅದು ಕಡ್ಡಾಯ. ಲ್ಯಾಪ್‌ಟಾಪಿನಿಂದ ಬಿಚ್ಚಿದ ಮೂರನೇ ತಲೆಮಾರಿನ ಎಸ್‌ಎಸ್‌ಡಿ ಇಲ್ಲಿ ನಡೆಯದು.

ಕಂಪ್ಯೂಟರಿನಲ್ಲಿ ಆಡುವವರು ರಿಬರ್ತ್‌ನ ಕನಿಷ್ಠ ಅಗತ್ಯವನ್ನೇ ಅಳತೆಗೋಲು ಮಾಡಿಕೊಳ್ಳಲಿ: 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿಯಲ್ಲಿ 155 ಜಿಬಿ, ಆರ್‌ಟಿಎಕ್ಸ್ 2060 ಅಥವಾ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್. ಡೈರೆಕ್ಟ್‌ಎಕ್ಸ್ 12 ಅಲ್ಟಿಮೇಟ್ ಎಂಬ ಗ್ರಾಫಿಕ್ಸ್ ತಂತ್ರಾಂಶಕ್ಕೆ ಹೊಂದುವ ಕಾರ್ಡ್ ಬೇಕಿರುವುದರಿಂದ ಜಿಟಿಎಕ್ಸ್ 1060, 1070ರಂಥ ಹಳೆಯ ಕಾರ್ಡ್‌ಗಳು ಎಷ್ಟೇ ಗಟ್ಟಿಯಾಗಿದ್ದರೂ ಲೆಕ್ಕಕ್ಕಿಲ್ಲ. ಸೆಕೆಂಡ್‌ಹ್ಯಾಂಡ್ ಪಿಸಿ ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಇದನ್ನೇ.

ಇನ್ನು ನಮ್ಮ ಬಿಸಿಲು. ಪಿಎಸ್5 ಕೆಲಸ ಮಾಡಲು ತಯಾರಕರು ಹೇಳಿರುವ ಉಷ್ಣಾಂಶ 5ರಿಂದ 35 ಡಿಗ್ರಿ. ಏಪ್ರಿಲ್–ಮೇನಲ್ಲಿ ಕಲಬುರಗಿಯ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಆರ್‌ಸಿಸಿ ಮಾಳಿಗೆಯ ಕೆಳಗಿನ ಕೋಣೆ ರಾತ್ರಿ ಹತ್ತಾದರೂ ತಣಿಯದು. ಅಂಥ ಹೊತ್ತಿನಲ್ಲಿ ಟಿವಿ ಸ್ಟ್ಯಾಂಡಿನ ಗಾಜಿನ ಬಾಗಿಲೊಳಗೆ ಕನ್ಸೋಲ್ ಇಟ್ಟರೆ ‘ತುಂಬಾ ಬಿಸಿಯಾಗಿದೆ’ ಎಂಬ ಸೂಚನೆ ಬರುವುದು ಸಹಜ. ಸುತ್ತ ಕನಿಷ್ಠ 10 ಸೆಂಟಿಮೀಟರ್ ಬಿಡಿ. ಬೇಸಿಗೆಯಲ್ಲಿ ನಸುಕಿನಲ್ಲಿ ಆಡಿ, ಇಲ್ಲವೇ ಎಸಿ ಕೋಣೆಯಲ್ಲಿ.

ಎಸಿ ಇಲ್ಲದ ಮನೆಗಳಲ್ಲಿ ಕೂಲರ್ ಇರುತ್ತದೆ, ಮತ್ತು ದೊಡ್ಡ ತಪ್ಪು ಆಗುವುದು ಅಲ್ಲಿಯೇ. ಯಂತ್ರ ತಣ್ಣಗಿರಲಿ ಎಂದು ಕೂಲರ್ ಗಾಳಿಯನ್ನು ಕನ್ಸೋಲ್ ಮುಖಕ್ಕೇ ತಿರುಗಿಸುತ್ತಾರೆ. ಹುಲ್ಲಿನ ಪ್ಯಾಡಿನಿಂದ ಹಾಯ್ದ ಗಾಳಿ ತೇವದ್ದು, ಸಣ್ಣ ಹನಿಗಳೂ ಇರುತ್ತವೆ. ದಾಲ್ ಮಿಲ್ ಧೂಳು, ಕಲ್ಲುಪುಡಿ ಎಲ್ಲ ಆ ತೇವಕ್ಕೆ ಸೇರಿ ಫ್ಯಾನಿನ ರೆಕ್ಕೆಗೂ ಹೀಟ್‌ಸಿಂಕಿನ ಸಂದಿಗೂ ಕಲಸಿದ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. ಒಣಗಿದ ಮೇಲೆ ಬ್ರಷ್ ತಾಗಿಸಿದರೂ ಬಾರದು. ಕೂಲರ್ ಗಾಳಿ ಮನುಷ್ಯರಿಗಿರಲಿ, ಯಂತ್ರ ಅದರ ದಾರಿಯಿಂದ ಪಕ್ಕಕ್ಕಿರಲಿ. ತಿಂಗಳಿಗೊಮ್ಮೆ ವೈರ್ ಕಿತ್ತು, ಹೊರಗಿನ ಫಲಕ ತೆಗೆದು, ಧೂಳು ಸಂಗ್ರಹಿಸಲೆಂದೇ ಕೊಟ್ಟಿರುವ ತೂತುಗಳಿಂದ ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಹೀರಿ. ಬ್ಲೋವರ್‌ನಿಂದ ಊದಬೇಡಿ: ಧೂಳು ಇನ್ನಷ್ಟು ಒಳಗೆ ಹೋಗುತ್ತದೆ, ಫ್ಯಾನ್ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಕರೆಂಟ್ ಹೋಗುವುದು ಇನ್ನೊಂದು. ಪಿಎಸ್5 ಆಡುವಾಗ ಸುಮಾರು 200 ವ್ಯಾಟ್, 43 ಇಂಚಿನ ಎಲ್‌ಇಡಿ ಟಿವಿ ನೂರರ ಆಸುಪಾಸು, ರೂಟರ್ ಹತ್ತು. 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಬ್ಯಾಟರಿ ಹಳತಾದರೆ ಒಂದೇ ನಿಮಿಷದಲ್ಲಿ ಕೈಕೊಡುತ್ತದೆ. 1000 ವಿಎ ಇದ್ದರೆ ಸೇವ್ ಮಾಡಿ ಆರಿಸಲು ಬೇಕಾದ ಸಮಯ ಸಿಗುತ್ತದೆ. ಮನೆಯ ಇನ್ವರ್ಟರ್ ಮೇಲೆ ನಡೆಸುವವರು ಸೈನ್ ವೇವ್ ಮಾದರಿಯನ್ನೇ ಬಳಸಿ, ಅದರ ಸ್ವಿಚ್ ‘ನಾರ್ಮಲ್’ನಿಂದ ‘ಯುಪಿಎಸ್’ ಕಡೆಗೆ ತಿರುಗಿಸಿ. ನಾರ್ಮಲ್‌ನಲ್ಲಿ ಲೈನ್ ಬದಲಾಗುವ ವೇಳೆ ಫ್ಯಾನಿಗೆ ಗೊತ್ತಾಗದು, ಕನ್ಸೋಲ್ ಮಾತ್ರ ಆರಿಹೋಗುತ್ತದೆ. ಇನ್‌ಸ್ಟಾಲ್ ನಡುವೆ ಹೀಗಾದರೆ ಡೇಟಾಬೇಸ್ ಕೆಡಬಹುದು. ಆಗ ಪವರ್ ಗುಂಡಿಯನ್ನು ಎರಡನೇ ಬೀಪ್ ಬರುವವರೆಗೆ ಒತ್ತಿ ಹಿಡಿದು ಸೇಫ್ ಮೋಡ್‌ಗೆ ಹೋಗಿ, ಕಂಟ್ರೋಲರನ್ನು ಕೇಬಲ್‌ನಿಂದಲೇ ಜೋಡಿಸಿ, ‘ರೀಬಿಲ್ಡ್ ಡೇಟಾಬೇಸ್’ ಆರಿಸಿ. ಅದೇ ಪಟ್ಟಿಯಲ್ಲಿರುವ ‘ರೀಸೆಟ್’ ಎಲ್ಲವನ್ನೂ ಅಳಿಸುತ್ತದೆ, ಅದನ್ನು ಮುಟ್ಟಬೇಡಿ. ಗುಡುಗು–ಸಿಡಿಲಿನ ಸಂಜೆ ಪ್ಲಗ್ ಕಿತ್ತರೆ ಸಾಲದು. ನೆಟ್‌ನ ಲ್ಯಾನ್ ವೈರ್, ಎಚ್‌ಡಿಎಂಐ ಎರಡನ್ನೂ ಬಿಡಿಸಿಡಿ.

ಎಲ್ಲಿಯವರೆಗೆ ಆಡಿದ್ದೀರಿ ಎಂಬುದು ದಾಖಲಾಗಿರುವ ಸೇವ್ ಫೈಲ್‌ಗಳನ್ನು ಜೋಪಾನ ಮಾಡಿ. ರೀಮೇಕ್‌ನ ಸೇವ್ ಇದ್ದವರಿಗೆ ರಿಬರ್ತ್‌ನಲ್ಲಿ ಲೆವಿಯಾಥನ್, ಯುಫಿಯ ಅಧ್ಯಾಯದ ಸೇವ್ ಇದ್ದವರಿಗೆ ರಾಮು ಎಂಬ ಸಮನ್ ಮೆಟೀರಿಯಾ (ಕಾಳಗಕ್ಕೆ ದೈತ್ಯ ಜೀವಿಯನ್ನು ಕರೆಯುವ ಹರಳು) ಸಿಕ್ಕವು. ಮಟ್ಟ, ಆಯುಧ ಯಾವುದೂ ಮುಂದುವರಿಯಲಿಲ್ಲ. ಕೊನೆಯ ಭಾಗದಲ್ಲೂ ಇಂಥ ಉಡುಗೊರೆ ಸಿಗಲಿ ಎಂಬ ಆಸೆಯಿಂದಲಾದರೂ ಹಳೆಯದನ್ನು ಅಳಿಸಬೇಡಿ. ಪಿಎಸ್5 ಆಟದ ಸೇವ್ ಫೈಲ್ ಒಂದನ್ನೇ ಎತ್ತಿ ಪೆನ್‌ಡ್ರೈವ್‌ಗೆ ನಕಲು ಮಾಡಲಾಗದು. ಸೋನಿಯ ಪಿಎಸ್ ಪ್ಲಸ್ ಸೇವೆಯ ಚಂದಾ ಇದ್ದರೆ ಕ್ಲೌಡ್‌ಗೆ ಏರಿಸಬಹುದು. ಪಿಎಸ್4ರಲ್ಲಿ ಮೊದಲ ಭಾಗ ಆಡಿದವರು ಆ ಆಟದ ಮೆನುವಿನಿಂದಲೇ ಸೇವ್ ಅಪ್‌ಲೋಡ್ ಮಾಡಿ ಪಿಎಸ್5ರಲ್ಲಿ ಇಳಿಸಿಕೊಳ್ಳಬೇಕು. ಆ ಕೆಲಸ ಮುಗಿಯುವ ಮುನ್ನ ಹಳೆಯ ಪಿಎಸ್4 ಮಾರಬಾರದು.

ಆಟದಿಂದ ನಮ್ಮ ನಿರೀಕ್ಷೆ? ರಿಬರ್ತ್‌ನ ‘ಕ್ವೀನ್ಸ್ ಬ್ಲಡ್’ ಇಸ್ಪೀಟಿನಂಥ ಆಟ ಎಷ್ಟು ಕೊಟ್ಟರೂ ಬೇಕು. ಗೋಪುರ ಹತ್ತು, ಕಲ್ಲು ಹುಡುಕು, ಚಾಡ್ಲಿ ಎಂಬ ಪಾತ್ರಕ್ಕೆ ವರದಿ ಮಾಡು ಎಂಬ ಪಟ್ಟಿ ಕೆಲಸ ಪ್ರತಿ ಪ್ರದೇಶದಲ್ಲೂ ಮರುಕಳಿಸಿದ್ದು ಮಾತ್ರ ಸಾಕಪ್ಪಾ ಸಾಕು. ಗೋಂಗಾಗಾ ಕಾಡಿಗೆ ಬರುವಷ್ಟರಲ್ಲಿ ಕಥೆಯ ಎಳೆಯೇ ಮರೆತುಹೋಗುತ್ತದೆ. ವಿಮಾನ ಕೈಗೆ ಕೊಟ್ಟ ಮೇಲೂ ಅದೇ ಗೋಪುರಗಳನ್ನು ಹತ್ತಿಸಿದರೆ ವಿಮಾನ ಯಾಕೆ ಬೇಕು?

ಕೊನೆಗೆ ತಮ್ಮಲ್ಲಿ ಒಂದು ವಿನಂತಿ. ಮೂಲದ ಮೊದಲ ಸಿಡಿಯ ಕೊನೆಯಲ್ಲಿ ಏನಾಗುತ್ತದೆ ಎಂಬುದು 1997ರಿಂದ ಹಳಬರಿಗೆಲ್ಲ ಗೊತ್ತು. ಇಲ್ಲಿ ಅದನ್ನು ಬೇಕೆಂದೇ ಬರೆದಿಲ್ಲ, ಏಕೆಂದರೆ 2020ರ ನಂತರ ಈ ಕಥೆಗೆ ಬಂದ ಹುಡುಗ ಹುಡುಗಿಯರು ಎಷ್ಟೋ ಮಂದಿಗೆ ಗೊತ್ತಿಲ್ಲ. ಕೊನೆಯ ಭಾಗದ ಸುದ್ದಿ ಬರೆಯುವಾಗ ಯಾರು ಉಳಿದರು, ಯಾರು ಉಳಿಯಲಿಲ್ಲ ಎಂಬುದನ್ನು ತಲೆಬರಹದಲ್ಲಾಗಲಿ, ಚಿತ್ರದ ಕೆಳಗಿನ ಸಾಲಿನಲ್ಲಾಗಲಿ ದಯವಿಟ್ಟು ಹಾಕಬೇಡಿ.

ಇಂತಿ,
ತಮ್ಮ ಓದುಗರು,
ಕಲಬುರಗಿ