ಆಸ್ಟ್ರಿಡ್ ಎಂದರೆ ನಕ್ಷತ್ರ ಅಲ್ಲ

ಮಾನ್ಯ ಸಂಪಾದಕರೇ,

ಮೊನ್ನೆ ಭಾನುವಾರದ ಪುರವಣಿಯಲ್ಲಿ ಮಕ್ಕಳ ಹೆಸರಿನ ಪಟ್ಟಿ ಹಾಕಿದ್ದೀರಿ. ಅದರಲ್ಲಿ ‘ಆಸ್ಟ್ರಿಡ್: ನಕ್ಷತ್ರ’ ಎಂದಿದೆ. ಪೂರ್ತಿ ತಪ್ಪು. ಆ ಒಂದು ಸಾಲಿನಿಂದ ನಾಲ್ಕು ದಿನವಾಯಿತು, ನಮ್ಮ ಮನೆಯಲ್ಲಿ ನೆಮ್ಮದಿ ಇಲ್ಲ.

ಆಸ್ಟ್ರಿಡ್ ನನ್ನ ಮೊಮ್ಮಗಳು. ಅಳಿಯಂದಿರು ಸ್ವೀಡನ್ನಿನವರು. ಮಗಳು ಬಾಣಂತನಕ್ಕೆ ಬಂದಿದ್ದಾಳೆ, ನಾಮಕರಣ ಇದೇ ತಿಂಗಳು. ನಿಮ್ಮ ಪಟ್ಟಿ ನೋಡಿದ್ದೇ ತಡ, ನೆಂಟರ ಫೋನು ಶುರುವಾಯಿತು. ‘ಮೂಲಾ ನಕ್ಷತ್ರದ ಮಗುವಿಗೆ ನಕ್ಷತ್ರ ಅಂತಲೇ ಹೆಸರಾ?’ ಎಂದು ನಮ್ಮ ಅತ್ತಿಗೆ ರಗಳೆ ತೆಗೆದರು. ಕಾರ್ಡ್ ಅಚ್ಚು ಹಾಕುವವರು ನಮ್ಮನ್ನು ಕೇಳದೆ ಹೆಸರಿನ ಪಕ್ಕ ಚಿನ್ನದ ಬಣ್ಣದ ನಕ್ಷತ್ರ ಕೂರಿಸಿದ್ದಾರೆ. ಇನ್ನೂರು ಕಾರ್ಡು ದಂಡ.

ಗ್ರೀಕರು ನಕ್ಷತ್ರಕ್ಕೆ ‘ಆಸ್ಟೆರ್’ ಎನ್ನುತ್ತಾರೆ. ಕಿವಿಗೆ ಹತ್ತಿರ ಕೇಳುತ್ತದೆ, ಅಷ್ಟೇ. ಆಸ್ಟ್ರಿಡ್ ಹಳೆಯ ನಾರ್ಸ್ ಭಾಷೆಯ, ಅಂದರೆ ಸ್ವೀಡನ್, ನಾರ್ವೆ ಕಡೆಯ ಹಿಂದಿನ ಭಾಷೆಯ ಹೆಸರು. ‘ಆಸ್’ ಅಂದರೆ ದೇವರು; ಅಲ್ಲಿಯ ಹಳೆಯ ದೇವರುಗಳಾದ ಓದಿನ್, ಥೋರ್ ಆ ಕುಲದವರು. ‘ಫ್ರೀದ್ರ್’ ಅಂದರೆ ಚೆಲುವೆ. ಎರಡೂ ಸೇರಿ ದೇವರಂಥ ಚೆಲುವೆ. ಸಿಗ್ರಿಡ್, ಇಂಗ್ರಿಡ್ ಹೆಸರುಗಳ ಕೊನೆಗೂ ಇದೇ ಪದ ಇದೆ.

ಹೋದ ಬೇಸಿಗೆಯಲ್ಲಿ ಸ್ಟಾಕ್‌ಹೋಮ್ ಪಕ್ಕದ ಟೇಬಿಯಲ್ಲಿ ಅಳಿಯಂದಿರು ಒಂದು ರೂನ್ ಕಲ್ಲು, ಅಂದರೆ ಅಲ್ಲಿಯ ಹಳೆಯ ರೂನ್ ಲಿಪಿಯ ಶಾಸನ, ತೋರಿಸಿದರು. 11ನೇ ಶತಮಾನದ್ದು, ನಮ್ಮ ವೀರಗಲ್ಲಿನ ಹಾಗೆ ನಿಂತಿದೆ. ಹಾವಿನಂಥ ಪಟ್ಟಿಯೊಳಗೆ ಅಕ್ಷರ ಕೊರೆದಿದ್ದಾರೆ. ಗಂಡ ಓಸ್ಟೆನ್ ಜೆರುಸಲೇಮಿಗೆ ಹೊರಟು ಗ್ರೀಸ್ ಕಡೆ ತೀರಿಕೊಂಡ, ಅವನ ನೆನಪಿಗೆ ಆಸ್ಟ್ರಿಡ್ ಈ ಕಲ್ಲುಗಳನ್ನು ನಿಲ್ಲಿಸಿದಳು ಎಂದು ಅದರಲ್ಲಿದೆ. ಆ ಹೆಸರಿನ ಮೇಲೆ ನಾನು ಬೆರಳಾಡಿಸಿದೆ. ಮಗಳಿಗೆ ಹೆಣ್ಣು ಹುಟ್ಟಿದರೆ ಇದೇ ಹೆಸರು ಎಂದು ಅಲ್ಲೇ ಮಾತಾಯಿತು. ಅದನ್ನು ನೀವು ಒಂದೇ ಪದದಲ್ಲಿ ಕೆಡಿಸಿದಿರಿ.

ಜನನ ಪ್ರಮಾಣ ಪತ್ರದ ಗೋಳು ಬೇರೆ. ನಮ್ಮ ಬಡಾವಣೆಯ ಕಚೇರಿ ಗೊತ್ತಲ್ಲ? ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟರೂ ಮಗುವಿನ ಹೆಸರು ‘ಅಸ್ಥಿರ’ ಎಂದು ಬಂದಿದೆ. ತಿದ್ದಿಸಲು ಮೂರು ಸಲ ಹೋದೆ. ಸರ್ವರ್ ಇಲ್ಲ, ಸಾಹೇಬರಿಲ್ಲ, ಅಫಿಡವಿಟ್ ತನ್ನಿ. ಹಿಂದೆ ಮನೆ ಖಾತೆಯಲ್ಲಿ ಯಜಮಾನರ ಹೆಸರು ತಪ್ಪಾಗಿ ಬರೆದು ಎರಡು ವರ್ಷ ಅಲೆಸಿದವರೂ ಇವರೇ. ಬೀದಿ ದೀಪದ ಮಾತು ಎತ್ತುವುದೇ ಬೇಡ.

ಮುಂದಿನ ಭಾನುವಾರ ಅದೇ ಜಾಗದಲ್ಲಿ ತಿದ್ದುಪಡಿ ಹಾಕಿ. ಕಚೇರಿಯವರಿಗೂ ಯಾರಾದರೂ ಬುದ್ಧಿ ಹೇಳಿ. ಗೊತ್ತಿಲ್ಲದ ಹೆಸರಾದರೆ ಒಂದು ಮಾತು ಕೇಳಿ ಬರೆಯೋಕೆ ಏನು ಕಷ್ಟ ನಿಮಗೆಲ್ಲ?

– ಆಸ್ಟ್ರಿಡ್‌ಳ ಅಜ್ಜಿ