ಹಳೇ ಕಾಗದಗಳ ಬೆನ್ನು ಹತ್ತಿದ ತಂಗಿಗೆ

ಕಲಬುರಗಿ

ಪ್ರೀತಿಯ ತಂಗಿ,

ಸುರಪುರದಿಂದ ನೀನು ಕಳಿಸಿದ ಲೇಖನ ಓದಿದೆ. ಹಳೇ ಸಸ್ಯಶಾಸ್ತ್ರಜ್ಞರ ಪತ್ರಗಳ ಬಗ್ಗೆ ಕನ್ನಡದಲ್ಲಿ ಬರೆಯಲು ಹೊರಟಿದ್ದೀಯಲ್ಲ, ಖುಷಿಯಾಯಿತು. ಆದರೆ ಮೊದಲ ಎರಡು ಪುಟ ತೆಗೆದುಬಿಡು. ಅಲ್ಲಿ ಬರೀ ಹೊಗಳಿಕೆ ಇದೆ.

ಮೂರನೇ ಪುಟದಲ್ಲಿ ಸಸ್ಯಶಾಸ್ತ್ರಜ್ಞ ಕೋನಿಗ್ ಸಾವಿನ ಮಾತು ಬರುತ್ತದೆ. ಅಲ್ಲಿಂದಲೇ ಶುರು ಮಾಡು. ಗಿಡಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ಲಿನೇಯಸ್‌ನ ಶಿಷ್ಯ, 1768ರಲ್ಲಿ ತಮಿಳು ಕರಾವಳಿಯ ತರಂಗಂಬಾಡಿಗೆ ಬಂದವನು, 1785ರಲ್ಲಿ ಕಾಕಿನಾಡದ ಹತ್ತಿರ ತೀರಿಕೊಂಡ. ತನ್ನ ಕಾಗದಪತ್ರ ಲಂಡನ್ನಿನ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸ್‌ಗೆ ಸೇರಲಿ ಅಂತ ಬರೆದಿಟ್ಟಿದ್ದ. ಕಾಗದ ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನುವುದೇ ಒಂದು ಕತೆ. ಲಿನೇಯಸ್‌ನ ಒಣಗಿಸಿದ ಗಿಡ, ಪುಸ್ತಕ, ಪತ್ರಗಳ ಸಂಗ್ರಹವನ್ನೇ ನೋಡು. 1784ರಲ್ಲಿ ಜೇಮ್ಸ್ ಎಡ್ವರ್ಡ್ ಸ್ಮಿತ್ ಅನ್ನುವ ಹುಡುಗ ಅದನ್ನು ಕೊಂಡ, 1788ರಲ್ಲಿ ಲಿನೇಯನ್ ಸೊಸೈಟಿ ಅನ್ನುವ ವಿದ್ವಾಂಸರ ಸಂಘ ಕಟ್ಟಿದ. ಅವನು ಸತ್ತ ಮೇಲೆ ಸೊಸೈಟಿ ಸಾಲ ಮಾಡಿ ಅದೇ ಸಂಗ್ರಹವನ್ನು ಅವನ ಹೆಂಡತಿಯಿಂದ ಕೊಳ್ಳಬೇಕಾಯಿತು! ಸಾಲ ತೀರಿದ್ದು 1861ರಲ್ಲಿ. ಇದನ್ನು ಬಿಟ್ಟು ನೀನು 'ಮಹಾನ್ ಚೇತನ' ಅಂತ ಬರೆದರೆ ಹೇಗೆ?

ಪತ್ರ ಓದುವಾಗ ತಾರೀಕು ಮೊದಲು ನೋಡು. ಆಗ ಹಡಗಿನಲ್ಲಿ ಒಂದು ಪತ್ರ ಲಂಡನ್ ಮುಟ್ಟಲು ತಿಂಗಳುಗಟ್ಟಲೆ ಬೇಕು. ಮಾರ್ಚ್‌ನ ಪತ್ರಕ್ಕೆ ಏಪ್ರಿಲ್‌ನ ಪತ್ರ ಉತ್ತರ ಅಂತ ನೀನು ಜೋಡಿಸಿದ್ದೀ, ಅದು ಸಾಧ್ಯವೇ ಇಲ್ಲ. ಇನ್ನೊಂದು. ಆ ಕಾಲದಲ್ಲಿ ಜಾಸ್ತಿ ಲಕೋಟೆ ಇರಲಿಲ್ಲ. ಬರೆದ ಹಾಳೆಯನ್ನೇ ಮಡಚಿ, ಅರಗು ಒತ್ತುತ್ತಿದ್ದರು. ಬಿಚ್ಚುವಾಗ ಅರಗಿನ ಜೊತೆ ಒಂದೆರಡು ಪದವೂ ಹರಿದುಹೋಗುತ್ತಿತ್ತು. ಅಂಥ ತೂತು ಸಿಕ್ಕರೆ ತೂತಾಗಿಯೇ ಬಿಡು, ಸುಮ್ನೆ ನಿನ್ನ ಪದ ತುಂಬಬೇಡ.

ಚಿತ್ರ ಬರೆದವರನ್ನು ಒಂದೇ ಸಾಲಲ್ಲಿ ಮುಗಿಸಿದ್ದೀ. ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ 2500ಕ್ಕೂ ಹೆಚ್ಚು ಗಿಡಗಳ ಚಿತ್ರ ಬರೆಸಿದ. ಬರೆದ ನಮ್ಮ ಜನ ಯಾರು? ಬಹುಪಾಲು ಹೆಸರೇ ಉಳಿದಿಲ್ಲ. ಮದ್ರಾಸ್ ಸೀಮೆಯ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ ಹತ್ತಿರ ಇದ್ದ ರಂಗಯ್ಯ, ಗೋವಿಂದು ಹೆಸರು ಉಳಿದವು. ಗೋವಿಂದುವಿನ ಹೆಸರನ್ನು ವೈಟ್ ಒಂದು ಆರ್ಕಿಡ್ ಕುಲಕ್ಕೇ ಇಟ್ಟ, ಗೋವಿಂದೂಯಾ ಅಂತ. ನನ್ನನ್ನು ಕೇಳಿದರೆ, ಲೇಖನದ ಅರ್ಧ ಭಾಗ ಇವರಿಗೇ ಸಲ್ಲಬೇಕು.

ನಮ್ಮ ಕಡೆಯ ಕಾಗದ ಬೇಕಿದ್ದರೆ ಲಂಡನ್ ಒಂದೇ ಸಾಲದು, ಹೈದರಾಬಾದಿಗೂ ಹೋಗಬೇಕು. 1948ರವರೆಗೆ ನಾವು ನಿಜಾಮರ ಸೀಮೆಯವರು, ಅಲ್ವಾ? ಅಲ್ಲಿನ ದಫ್ತರಗಳು ಮೊದಲು ಫಾರ್ಸಿ, ಆಮೇಲೆ ಉರ್ದು. ನಿಮ್ಮ ಓಣಿಯಲ್ಲಿ ಉರ್ದು ಶಾಲೆಯಲ್ಲಿ ಓದಿದ ಮುತ್ಯಾ ಯಾರಾದರೂ ಇರುತ್ತಾರೆ. ಅವರ ಹತ್ತಿರ ಈಗಲೇ ಅಕ್ಷರ ಕಲಿ. ಹುಡುಕುವಾಗ 'ಶೋರಾಪುರ', 'ಗುಲ್ಬರ್ಗಾ' ಅಂತಲೂ ಹಾಕಿ ನೋಡು.

ತೊಗರಿಯನ್ನೂ ಬಿಡಬೇಡ. 1753ರಲ್ಲಿ ಲಿನೇಯಸ್ ಅದಕ್ಕೆ ಸೈಟಿಸಸ್ ಕಜಾನ್ ಅಂತ ಹೆಸರಿಟ್ಟಿದ್ದ. ನಮ್ಮ ಹೊಲದ ಬೆಳೆ ಕಂಡರೆ ನಮ್ಮೂರ ಓದುಗ ಮುಂದಿನ ಪುಟ ತಿರುವುತ್ತಾನೆ.

ತಿದ್ದಿದ ಪ್ರತಿ ದಸರೆಯ ಒಳಗೆ ಕಳಿಸು. ಕೋನಿಗ್ ಪತ್ರದ ಫೋಟೋ ಇದ್ದರೆ ಅದನ್ನೂ ಹಾಕು, ಅವನ ಕೈಬರಹ ನಾನೂ ನೋಡಬೇಕು.

ನಿನ್ನ ಅಣ್ಣ