ಹೊಟ್ಟೆ ತುಂಬಿದ್ದ ನಾಲ್ಕು ಮರಿಗಳು

ವಿರಾಜಪೇಟೆ

ಚಿರಂಜೀವಿ ಬೋಪಣ್ಣನಿಗೆ ನಿನ್ನ ಮಾವನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ತೋಡಿನ ನೀರನ್ನು ದೂರಿದ್ದೇ ದೂರಿದ್ದು. ಹದಿನಾಲ್ಕು ಹಂದಿಮರಿಗಳಲ್ಲಿ ನಾಲ್ಕು ಭೇದಿಯಾಗಿ ಸತ್ತವು, ಹತ್ತಕ್ಕೆ ಏನೂ ಆಗಲಿಲ್ಲ ಎಂದೆ. ನೀರೇ ಕಾರಣವಾದರೆ ಹತ್ತನ್ನು ಬಿಟ್ಟದ್ದೇಕೆ? ಸತ್ತ ನಾಲ್ಕನ್ನೂ, ತಾಯಿಗೆ ಮೊಲೆ ಸಾಲದೆಂದು ಹುಟ್ಟಿದ ಕೂಡಲೇ ಇನ್ನೊಂದು ಹಂದಿಗೆ ಕೂಡಿಸಿದ್ದೆಯಂತೆ. ಆ ಹಂದಿ ಮರಿ ಹಾಕಿ ಆಗಲೇ ಐದು ದಿನವಾಗಿತ್ತು. ನೀನು ಅದನ್ನು ಮಾತಿನ ನಡುವೆ ಹೇಳಿ ಮುಂದೆ ಹೋದೆ. ನನ್ನ ಕಿವಿ ಅಲ್ಲೇ ನಿಂತಿತು.

ಬಯ್ಯಲು ಬರೆಯುತ್ತಿಲ್ಲ. ಪಶುವೈದ್ಯ ಇಲಾಖೆಗೆ ಸೇರಿದ ಹೊಸತರಲ್ಲಿ ನಾನೂ ಒಬ್ಬ ರೈತನ ಕೊಟ್ಟಿಗೆಯಲ್ಲಿ ಇದೇ ಕೆಲಸ ಮಾಡಿಸಿದ್ದೆ. ಮರಿಗಳು ಚೆನ್ನಾಗಿ ಕುಡಿದವು, ಉರುಟಾದವು, ಆಮೇಲೆ ಒಂದೊಂದಾಗಿ ಹೋದವು. ಹೊಟ್ಟೆ ತುಂಬಿದ ಮರಿ ಏಕೆ ಸಾಯುತ್ತದೆ ಎಂದು ನನಗೆ ಅರ್ಥವಾಗಲು ತುಂಬಾ ದಿನ ಬೇಕಾಯಿತು.

ಮನುಷ್ಯರ ಕೂಸಿಗೆ ರೋಗದಿಂದ ಕಾಯುವ ತಾಯಿಯ ಪ್ರತಿಕಾಯಗಳು ಗರ್ಭದಲ್ಲಿರುವಾಗಲೇ ಮಾಸಿನ ಮೂಲಕ ಸಿಗುತ್ತವೆ. ಹಂದಿಯ ಮಾಸು ಹಾಗಲ್ಲ. ತಾಯಿಯ ರಕ್ತಕ್ಕೂ ಮರಿಯ ರಕ್ತಕ್ಕೂ ನಡುವೆ ಹಲವು ಪದರಗಳ ಗೋಡೆ. ಪ್ರತಿಕಾಯ ಅದನ್ನು ದಾಟುವುದಿಲ್ಲ. 114 ದಿನ ಹೊಟ್ಟೆಯಲ್ಲಿದ್ದು ಹೊರಬಂದ ಮರಿಯ ರಕ್ತದಲ್ಲಿ ಕಾವಲು ಎಂಬುದು ಇಲ್ಲವೇ ಇಲ್ಲ ಎನ್ನಬಹುದು. ಅದು ಬರಬೇಕಾದದ್ದು ಗಿಣ್ಣುಹಾಲಿನಿಂದ. ಹುಟ್ಟಿದ ಮರಿಯ ಕರುಳು ಪ್ರತಿಕಾಯವನ್ನು ಜೀರ್ಣಿಸದೆ ಇಡಿಯಾಗಿ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ, ಆದರೆ ಸುಮಾರು ಒಂದು ದಿನ ಮಾತ್ರ. ಅಷ್ಟರಲ್ಲಿ ಗಿಣ್ಣೂ ತೆಳುವಾಗುತ್ತದೆ. ಮೊದಲ ಮರಿ ಹುಟ್ಟಿ ಹನ್ನೆರಡು ಗಂಟೆಯಾಗುವಾಗ ಅದರ ಸತ್ವ ಅರ್ಧದಷ್ಟು ಇಳಿದಿರುತ್ತದೆ. ಅತ್ತ ಅಂಗಡಿಯಲ್ಲಿ ಸರಕು ಮುಗಿಯುತ್ತದೆ, ಇತ್ತ ಮನೆಯ ಬಾಗಿಲು ಮುಚ್ಚುತ್ತದೆ. ಐದು ದಿನದ ಬಾಣಂತಿಯ ಕೆಚ್ಚಲಿನಲ್ಲಿ ನಿನ್ನ ನಾಲ್ಕು ಮರಿಗಳಿಗೆ ಸಿಕ್ಕಿದ್ದು ಬರೀ ಹಾಲು.

ಈಗ ಗಬ್ಬವಾಗಿರುವ ಮತ್ತೊಂದು ಹಂದಿ ಈಯಲು ಹನ್ನೊಂದು ದಿನವಿದೆ ಎಂದೆಯಲ್ಲ, ಆ ರಾತ್ರಿ ಕೊಟ್ಟಿಗೆ ಬಿಟ್ಟು ಕದಲಬೇಡ. ಮರಿ ಬಿದ್ದ ಹಾಗೆ ಒಣ ಗೋಣಿಯಲ್ಲಿ ಒರೆಸಿ ಮೊಲೆಗೆ ಹಿಡಿ. ಅದರ ಮೈಯಲ್ಲಿ ಕೊಬ್ಬಿಲ್ಲ. ನಮ್ಮ ಮಳೆಗಾಲದ ಚಳಿಗೆ ಮರಗಟ್ಟಿದ ಮರಿ ಚೀಪುವುದಿಲ್ಲ, ಚೀಪದ ಮರಿಗೆ ಗಿಣ್ಣಿಲ್ಲ. ಮೂಲೆಯಲ್ಲಿ ಬಲ್ಬು ಕಟ್ಟಿ 32ರಿಂದ 34 ಡಿಗ್ರಿ ಬಿಸಿ ಇರುವಂತೆ ನೋಡಿಕೋ. ಒಂದೊಂದು ಮರಿಗೂ ಸುಮಾರು 250 ಗ್ರಾಂ ಗಿಣ್ಣು ಸೇರಬೇಕು. ಮೊದಲು ಹುಟ್ಟಿದ ದಡಿಯರು ಕುಡಿದು ತೇಗಿದ ಮೇಲೆ ಅವುಗಳ ಬೆನ್ನಿಗೆ ಗುರುತು ಹಾಕಿ, ಒಂದು ಗಂಟೆ ಬೆಚ್ಚನೆಯ ಬುಟ್ಟಿಯಲ್ಲಿ ಮುಚ್ಚಿಡು. ಅವು ಕಿರುಚುತ್ತವೆ, ಕಿರುಚಲಿ. ಆ ಒಂದು ಗಂಟೆ ಸಣ್ಣವುಗಳದ್ದು. ಮರಿ ಹೆಚ್ಚಾದರೆ ಬೇರೆ ಹಂದಿಗೆ ಕೂಡಿಸಬಾರದೆಂದಲ್ಲ. ಹೆತ್ತ ತಾಯಿಯ ಗಿಣ್ಣನ್ನು ಒಂದು ಹಗಲೋ ಒಂದು ರಾತ್ರಿಯೋ ಕುಡಿದ ಮೇಲೆ ಕೂಡಿಸು. ಆಗಲೂ ದೊಡ್ಡದನ್ನು ಕಳಿಸು, ಸಣ್ಣದನ್ನಲ್ಲ.

ಅಕ್ಕ ಹಸುವಿನ ಗಿಣ್ಣು ಕೊಡೋಣವೇ ಎಂದು ಕೇಳಿದಳು. ಏನೂ ಇಲ್ಲದಿದ್ದಾಗ ಆದೀತು. ಆದರೆ ಹಸು ಕಂಡದ್ದು ದನದ ಕೊಟ್ಟಿಗೆಯ ರೋಗಗಳನ್ನು. ಯಾವ ತಾಯಿಯೂ ತಾನು ಎದುರಿಸಿದ ರೋಗಕ್ಕೆ ಮಾತ್ರ ಕಾವಲು ಕೊಡಬಲ್ಲಳು. ಅದಕ್ಕೇ ದಿನ ತುಂಬಿದ ಹಂದಿಯನ್ನು ಅಗ್ಗಕ್ಕೆ ಸಿಕ್ಕಿತೆಂದು ಸಂತೆಯಿಂದ ತರಬೇಡ. ನಿನ್ನ ಕೊಟ್ಟಿಗೆಯ ರೋಗಾಣುಗಳ ಪರಿಚಯ ಅದಕ್ಕಿರುವುದಿಲ್ಲ.

21ನೇ ದಿನಕ್ಕೆ ಹಾಲು ಬಿಡಿಸುತ್ತೇನೆ, ವಿದೇಶದಲ್ಲಿ ಹಾಗೇ ಮಾಡುತ್ತಾರೆ ಎಂದೆ. ಅಲ್ಲಿ ಬಿಸಿಮಾಡಿದ ಕೋಣೆ, ಮರಿಗೆಂದೇ ಮಾಡಿದ ಆಹಾರ ಇರುತ್ತದೆ. ನಿನ್ನಲ್ಲಿ ಏನಿದೆ? ಮೂರು, ನಾಲ್ಕನೇ ವಾರದಲ್ಲಿ ತಾಯಿ ಕೊಟ್ಟ ಪ್ರತಿಕಾಯ ಕರಗುತ್ತಾ ಬಂದಿರುತ್ತದೆ, ಮರಿಯದ್ದೇ ಶಕ್ತಿ ಇನ್ನೂ ಮೊಳಕೆ. ಆಗ ಕರುಳನ್ನು ಕಾಯುವುದು ದಿನದಿನದ ಹಾಲಿನಲ್ಲಿರುವ ಇನ್ನೊಂದು ಬಗೆಯ ಪ್ರತಿಕಾಯ. ಅದನ್ನೂ ಕಿತ್ತುಕೊಂಡರೆ? ಆರು ವಾರ ಬಿಡು. ಬೀಜ ಒಡೆಸುವುದು, ಜಾಗ ಬದಲಿಸುವುದು, ಆಹಾರ ಬದಲಿಸುವುದು, ಎಲ್ಲವನ್ನೂ ಒಂದೇ ವಾರಕ್ಕೆ ತುರುಕಬೇಡ. ಮೂರನೇ ದಿನದ ಕಬ್ಬಿಣದ ಇಂಜೆಕ್ಷನ್ ಮಾತ್ರ ತಪ್ಪಿಸಬೇಡ; ಮರಿಗೆ ದಿನಕ್ಕೆ ಸುಮಾರು 7 ಮಿಲಿಗ್ರಾಂ ಕಬ್ಬಿಣ ಬೇಕು, ಹಾಲಿನಲ್ಲಿ ಸಿಗುವುದು ಒಂದೇ ಒಂದು.

ಹಂದಿ ಜ್ವರದ ಲಸಿಕೆಗೂ ಅವಸರ ಬೇಡ. ತಾಯಿಯ ಪ್ರತಿಕಾಯ ಮರಿಯ ರಕ್ತದಲ್ಲಿ ಇನ್ನೂ ಗಟ್ಟಿಯಾಗಿರುವಾಗ ಚುಚ್ಚಿದರೆ ಅದು ಲಸಿಕೆಯನ್ನೇ ಶತ್ರುವೆಂದು ಮುಗಿಸಿಬಿಡುತ್ತದೆ. ತಾಯಿಗೆ ಯಾವಾಗ ಹಾಕಿಸಿದೆ ಎಂದು ಬರೆದಿಟ್ಟು ವೈದ್ಯರಿಗೆ ತೋರಿಸು, ಮರಿಗಳಿಗೆ ಯಾವ ದಿನ ಎಂದು ಅವರು ಹೇಳಲಿ. 2020ರಲ್ಲಿ ನಮ್ಮ ದೇಶಕ್ಕೆ ಕಾಲಿಟ್ಟ ಆಫ್ರಿಕನ್ ಹಂದಿ ಜ್ವರ ಬೇರೆಯೇ ರೋಗ; ಅದಕ್ಕೆ ಮಾತ್ರ ಗಿಣ್ಣನ್ನೂ ನಂಬಬೇಡ, ಲಸಿಕೆಯನ್ನೂ ಕಾಯಬೇಡ. ಹೋಟೆಲಿನ ಮುಸುರೆಯನ್ನು ಕುದಿಸದೆ ಹಾಕಬೇಡ, ಹಂದಿ ವ್ಯಾಪಾರಿಯನ್ನು ಗೇಟಿನಿಂದಲೇ ಮಾತನಾಡಿಸಿ ಕಳಿಸು.

ಹಂದಿ ಬಾಯಲ್ಲಿ ಹುಲ್ಲು ಕಚ್ಚಿಕೊಂಡು ಗೂಡು ಮಾಡಲು ಹೊರಟರೆ, ಮೊಲೆ ಹಿಂಡಿದಾಗ ಹಾಲು ಚಿಮ್ಮಿದರೆ, ಕೂಡಲೇ ಫೋನ್ ಮಾಡು. ಜೀಪಿಗೆ ಡೀಸೆಲ್ ತುಂಬಿಸಿಟ್ಟಿದ್ದೇನೆ. ಕರೆಂಟು ಹೋದರೆ ಬಲ್ಬು ಆರುತ್ತದೆ, ಒಂದು ಚೀಲ ಇದ್ದಿಲು ಈಗಲೇ ತಂದಿಡು. ಅಕ್ಕನಿಗೆ ಕಾಫಿ ಫ್ಲಾಸ್ಕಿನಲ್ಲಿ ಹಾಕಿಡಲು ಹೇಳು, ಸಕ್ಕರೆ ಬೇಡ.

ಇಂತಿ,
ನಿನ್ನ ಮಾವ